ಗಣಕಯಂತ್ರದೊಡನೆ ಮಾತು
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾಸರಗೋಡು ಸೀಮೆಯ ಕನ್ನಡ ಶಾಲೆಯೊಂದರ ಬೆಂಚಿನ ಮೇಲೆ ಕುಳಿತು ಅಕ್ಷರ ಕಲಿತವನು ನಾನು. ಆದುದರಿಂದ ಈ ವೇದಿಕೆಯಲ್ಲಿ ಅತಿಥಿಯೆಂಬ ಭಾವನೆಗಿಂತ ಮನೆಗೆ ಬಂದೆನೆಂಬ ಭಾವನೆಯೇ ನನಗೆ ಹೆಚ್ಚು. ಸಭೆ ಆರಂಭವಾಗುವ ಮೊದಲು ತಾಯಿಯೊಬ್ಬರು ನನ್ನೊಡನೆ ಹೀಗೆಂದರು: “ಸರ್, ಕನ್ನಡ ಮೀಡಿಯಂನಲ್ಲಿ ಓದುವ ನಮ್ಮ ಹುಡುಗಿಗೆ ಕಂಪ್ಯೂಟರ್ ವಿದ್ಯೆ ಹತ್ತೀತೇ? ಮುಂದಿನ ವರ್ಷ ಶಾಲೆ ಬದಲಿಸುವುದೋ ಏನೋ ಎಂದು ಯೋಚನೆಯಾಗಿದೆ.” ಆ ಮಾತು ನನ್ನ ಮನಸ್ಸನ್ನು ತಟ್ಟಿತು. ನಾನು ಸಿದ್ಧಪಡಿಸಿಕೊಂಡು ಬಂದಿದ್ದ ವಿಷಯವೇ ಅವರ ಪ್ರಶ್ನೆಗೆ ಉತ್ತರವಾಗಬಹುದೆಂದು ಭಾವಿಸುತ್ತೇನೆ.

ಗಣಕಯಂತ್ರವು ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಆಳು. ಅದಕ್ಕೆ ಕೊಡುವ ಆಜ್ಞೆಗಳ ಸಾಲಿಗೆ ಕ್ರಮವಿಧಿಯೆಂದು ಹೆಸರು. ಕ್ರಮವಿಧಿಯನ್ನು ಬರೆಯಲು ಅನೇಕ ಭಾಷೆಗಳುಂಟು. ಅವುಗಳಲ್ಲಿ ಆರಂಭಿಕರಿಗೆ ಸುಲಭವಾದುದು ಪೈಥಾನ್. ಹಾಲೆಂಡಿನ ಗೀಡೊ ವಾನ್ ರಾಸಮ್ ಎಂಬವರು ಆಂಸ್ಟರ್‌ಡಾಮಿನ ಗಣಿತ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದಾಗ 1989ರ ಕ್ರಿಸ್ಮಸ್ ಬಿಡುವಿನಲ್ಲಿ ಇದನ್ನು ರಚಿಸತೊಡಗಿ, 1991ರಲ್ಲಿ ಲೋಕಕ್ಕೆ ನೀಡಿದರು. ಹೆಸರನ್ನು ಕೇಳಿ ಹೆಬ್ಬಾವನ್ನು ನೆನೆದು ಹೆದರಬೇಡಿ; ಅದು ಇಂಗ್ಲೆಂಡಿನ ಹಾಸ್ಯಪ್ರದರ್ಶನವೊಂದರ ಹೆಸರಿನಿಂದ ಬಂದುದು. ಅದನ್ನು ಪಡೆಯಲು ಹಣವನ್ನೂ ಕೊಡಬೇಕಾಗಿಲ್ಲ.

ಮಕ್ಕಳೇ, ಈ ವಿದ್ಯೆಯನ್ನು ಬಣ್ಣಬಣ್ಣದ ಆಟಗಳನ್ನು ಕಟ್ಟುವುದರಿಂದ ಆರಂಭಿಸಬೇಡಿ. ಟರ್ಮಿನಲ್ ಎಂಬ ಸರಳವಾದ ಕಿಟಕಿಯೊಂದುಂಟು. ಅಲ್ಲಿ ಚಿತ್ರವಿಲ್ಲ, ಅಲಂಕಾರವಿಲ್ಲ. ಯಂತ್ರವು ಒಂದು ಸಾಲಿನಲ್ಲಿ ಕೇಳುತ್ತದೆ, ನೀವು ಒಂದು ಸಾಲಿನಲ್ಲಿ ಉತ್ತರಿಸುತ್ತೀರಿ. ಗುರುಶಿಷ್ಯರ ಪ್ರಶ್ನೋತ್ತರದಂತೆ ಅಲ್ಲಿ ಗಮನವೆಲ್ಲವೂ ವಿಚಾರದ ಮೇಲೆಯೇ ನಿಲ್ಲುತ್ತದೆ.

ನಾನು ಬರೆದ ಮೊದಲ ಕ್ರಮವಿಧಿ ನಮ್ಮ ಮನೆಯ ಅಡಿಕೆಯ ತೂಕವನ್ನು ಕೂಡಿಸುವುದಕ್ಕಾಗಿತ್ತು. ‘ಇನ್‌ಪುಟ್’ ಎಂಬ ಪದದಿಂದ ಎರಡು ಗೋಣಿಗಳ ತೂಕವನ್ನು ಕೇಳಿ, ಕೂಡಿಸಿ, ‘ಪ್ರಿಂಟ್’ ಎಂಬ ಪದದಿಂದ ತೋರಿಸುವುದಷ್ಟೇ ಅದರ ಕೆಲಸ. ಒಂದಕ್ಕೆ 12, ಇನ್ನೊಂದಕ್ಕೆ 30 ಎಂದು ಕೊಟ್ಟೆ. ಉತ್ತರ 1230 ಎಂದು ಬಂದಿತು! ಆ ಲೆಕ್ಕ ನಿಜವಾಗಿದ್ದರೆ ಅಡಿಕೆ ಬೆಳೆಗಾರರಿಗೆ ಯಾವ ಕಷ್ಟವೂ ಇರುತ್ತಿರಲಿಲ್ಲವೆಂದು ತಂದೆಯವರು ನಕ್ಕರು.

ತಪ್ಪು ಯಂತ್ರದ್ದಲ್ಲ, ನನ್ನದು. ಕೀಲಿಗಳಿಂದ ಒತ್ತಿದುದನ್ನು ಪೈಥಾನ್ ಅಕ್ಷರಗಳ ಸಾಲೆಂದೇ ತಿಳಿಯುತ್ತದೆ. ಎರಡು ಸಾಲುಗಳನ್ನು ಕೂಡಿಸೆಂದರೆ ಒಂದರ ಪಕ್ಕಕ್ಕೆ ಇನ್ನೊಂದನ್ನು ಇಡುತ್ತದೆ. ‘ಇಂಟ್’ ಎಂಬ ಪದದಿಂದ ಅವನ್ನು ಸಂಖ್ಯೆಗಳನ್ನಾಗಿ ಮಾಡಿದ ಮೇಲೆ 42 ಎಂಬ ಸರಿಯಾದ ಉತ್ತರ ಬಂದಿತು. ಮರುದಿನ ಗೋಣಿಯೊಂದು 12.5 ಕಿಲೋ ತೂಗಿತು. ಯಂತ್ರ ದೋಷವೆಂದು ಹೇಳಿ ನಿಂತುಬಿಟ್ಟಿತು. ‘ಇಂಟ್’ ಪೂರ್ಣಾಂಕಗಳಿಗೆ ಮಾತ್ರ, ದಶಮಾಂಶಕ್ಕೆ ‘ಫ್ಲೋಟ್’ ಬೇಕು ಎಂದು ಆಗ ತಿಳಿಯಿತು. ಗೋಣಿಗಳು ಇಪ್ಪತ್ತಾದಾಗ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಸುವ ‘ವೈಲ್’ ಬೇಕಾಯಿತು. ನಿನ್ನೆಯ ಲೆಕ್ಕ ಇಂದಿಗೂ ಉಳಿಯಬೇಕೆಂದಾಗ ಕಡತವನ್ನು ತೆರೆಯುವ ‘ಓಪನ್’ ಬೇಕಾಯಿತು. ಹೀಗೆ ಅಗತ್ಯ ಮೊದಲು ಬಂದಿತು, ಪದ ಅನಂತರ ಬಂದಿತು. ಹಸಿದವನಿಗೆ ಅನ್ನದ ರುಚಿ ತಿಳಿಯುವಂತೆ, ಅಗತ್ಯಬಿದ್ದು ಕಲಿತ ಪದ ಮರೆಯುವುದಿಲ್ಲ.

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ಈ ಭಾಷೆಗೆ ಮೀಸಲಾದ ಪದಗಳು ಕೇವಲ 35. ಅವು ಇಂಗ್ಲಿಷಿನವು, ನಿಜ. ದೋಷವನ್ನು ತಿಳಿಸುವ ಸಾಲುಗಳೂ ಇಂಗ್ಲಿಷಿನಲ್ಲೇ ಬರುತ್ತವೆ. ಆದುದರಿಂದ ಇಂಗ್ಲಿಷಿನ ಪಾಠವನ್ನು ಯಾರೂ ಅಲಕ್ಷಿಸಬಾರದು. ಆದರೆ ಯಾವುದನ್ನು ಮೊದಲು ಕೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಚನೆ ಯಾವ ಭಾಷೆಯದು? ಅದು ಮಗು ಯೋಚಿಸುವ ಭಾಷೆಯದು. 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯಿಂದ ಈಚೆಗೆ ‘ತೂಕ’, ‘ಒಟ್ಟು’ ಎಂದು ಕನ್ನಡದಲ್ಲಿಯೇ ಹೆಸರಿಡಬಹುದು. ೧೨ ಎಂದು ಕನ್ನಡದ ಅಂಕಿಗಳಲ್ಲಿ ಕೊಟ್ಟರೂ ‘ಇಂಟ್’ ಅದನ್ನು ಹನ್ನೆರಡೆಂದೇ ಗ್ರಹಿಸುತ್ತದೆ.

ಇನ್ನೊಂದು ಸ್ವಾರಸ್ಯವನ್ನು ಕೇಳಿ. ‘ಕನ್ನಡ’ ಎಂಬ ಪದದ ಉದ್ದವೆಷ್ಟೆಂದು ಪೈಥಾನನ್ನು ಕೇಳಿದರೆ ಮೂರು ಎನ್ನದೆ ಐದು ಎನ್ನುತ್ತದೆ. ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಕೊನೆಗೆ ಡ: ಯಂತ್ರದ ಸ್ಮರಣೆಯಲ್ಲಿ ಒತ್ತಕ್ಷರವು ಹೀಗೆ ಬಿಡಿಸಿಕೊಂಡಿರುತ್ತದೆ. ಬೇರೆಯವರಿಗೆ ಇದು ಒಗಟಾಗಬಹುದು. ಕಾಗುಣಿತವನ್ನೂ ಒತ್ತಕ್ಷರವನ್ನೂ ತಿದ್ದಿ ಕಲಿತ ನಮ್ಮ ಮಗುವಿಗೆ ಇದು ಒಂದನೆಯ ತರಗತಿಯ ಪಾಠವೇ ಅಲ್ಲವೇ? ತಾಯಿನುಡಿಯ ತಿಳಿವಳಿಕೆ ಇಲ್ಲಿ ಅಡ್ಡಿಯಲ್ಲ, ಊರುಗೋಲು.

ವಿದ್ಯಾರ್ಥಿಗಳೇ, ವಾರಕ್ಕೊಂದು ಚಿಕ್ಕ ಕ್ರಮವಿಧಿಯನ್ನು ಸ್ವಂತವಾಗಿ ಬರೆಯಿರಿ. ದೋಷ ಬಂದರೆ ಎದೆಗುಂದದೆ ಅದರ ಕೊನೆಯ ಸಾಲನ್ನು ಮೊದಲು ಓದಿರಿ. ತಪ್ಪು ಯಾವ ಬಗೆಯದೆಂಬುದು ಅಲ್ಲಿರುತ್ತದೆ. ಇಂದು ಕೇಳಿದೊಡನೆ ಕ್ರಮವಿಧಿಯನ್ನು ಬರೆದುಕೊಡುವ ಯಂತ್ರಗಳೂ ಬಂದಿವೆ. ಆದರೆ ಬೇರೆಯವರು ಈಜಿದರೆ ನಮಗೆ ಈಜು ಬರುವುದುಂಟೇ? ಪೋಷಕರೇ, ನಿಮ್ಮ ಹಾಲಿನ ಲೆಕ್ಕವನ್ನೋ ಅಂಗಡಿಯ ಲೆಕ್ಕವನ್ನೋ ಮಕ್ಕಳ ಕೈಗೆ ಕೊಟ್ಟು, ಯಂತ್ರದಿಂದ ಮಾಡಿಸೆಂದು ಹೇಳಿರಿ. ಉತ್ತರ 1230 ಎಂದು ಬಂದರೆ ನಗಿರಿ, ಆದರೆ ಗದರಬೇಡಿರಿ.

ಪ್ರಶ್ನೆ ಕೇಳಿದ ಆ ತಾಯಿಗೆ ನನ್ನ ವಿನಂತಿಯಿಷ್ಟೇ: ಈ ಕಾರಣಕ್ಕಾಗಿ ಶಾಲೆಯನ್ನು ಬದಲಿಸಬೇಡಿ, ತಾಯೀ. ಇಂದು ಸಂಜೆ ಮಗಳಿಗೆ ಮನೆಯ ಒಂದು ಲೆಕ್ಕವನ್ನು ಕೊಡಿ. ಮಿಕ್ಕುದನ್ನು ಅವಳೇ ತೋರಿಸಿಕೊಟ್ಟಾಳು.