ಆಟದ ಪೀರಿಯಡ್

ಬುಕ್ಕಾಂಬುಧಿ ಕಡೆಯ ಶಾಲೆಯೊಂದರ ಆಟದ ಪೀರಿಯಡ್ ನೆನೆಸಿಕೊಳ್ಳಿ. ಬೂದಿಯಲ್ಲಿ ಖೋ-ಖೋ ಗೆರೆ ಹಾಕುತ್ತಿದ್ದಾರೆ. ಒಂದು ಮಗು ಮಾತ್ರ ಕಟ್ಟೆಯ ಮೇಲೆ ಕೂತು ಎಲ್ಲರ ಚಪ್ಪಲಿ, ನೀರಿನ ಬಾಟಲಿ ಕಾಯುತ್ತಿದೆ. "ಕಿಡ್ನಿ ತೊಂದರೆ ಇದೆ, ಆಡಿಸಬೇಡಿ ಸಾರ್" ಎಂದು ಮನೆಯವರೇ ಹೇಳಿಹೋಗಿದ್ದಾರೆ. ಪ್ರೀತಿಯಿಂದಲೇ ಹೇಳಿದ್ದು, ಪಾಪ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕಿಡ್ನಿ ಕಾಯಿಲೆಗಳಲ್ಲಿ ನೆಫ್ರೋಟಿಕ್ ಸಿಂಡ್ರೋಮ್ ಒಂದು. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿರುತ್ತದೆ. ಮೂತ್ರ ನೊರೆನೊರೆಯಾಗಿರುತ್ತದೆ. ಚಿಕಿತ್ಸೆಗೆ ಕೊಡುವ ಸ್ಟಿರಾಯ್ಡ್ ಮಾತ್ರೆಗೆ ಕೆನ್ನೆ ದುಂಡಗಾಗುತ್ತದೆ. ಓರಗೆಯವರು ಅಡ್ಡಹೆಸರು ಇಡುತ್ತಾರೆ. ನನ್ನ ಕೇಳಿದರೆ, ಶಾಲೆಗೆ ಹೋಗಲ್ಲ ಅಂತ ಮಗು ಹಟ ಹಿಡಿಯುವುದು ಕಾಯಿಲೆಗಲ್ಲ, ಆ ಹೆಸರಿಗೆ.

ಊತ ಇಳಿದ ಮೇಲೆ ಈ ಮಕ್ಕಳು ಸಾಮಾನ್ಯವಾಗಿ ಎಲ್ಲರಂತೆ ಓಡಾಡಬಹುದು. ಒಂದೇ ಕಿಡ್ನಿ ಇರುವವರಿಗೂ ಹೆಚ್ಚಿನ ಆಟಗಳಿಗೆ ಅಡ್ಡಿಯಿಲ್ಲ. ಕಬಡ್ಡಿಯಂಥ ಮೈಮೇಲೆ ಬೀಳುವ ಆಟಕ್ಕೆ ವೈದ್ಯರನ್ನು ಕೇಳಬೇಕು, ಅಷ್ಟೆ.

ಡಯಾಲಿಸಿಸ್ ಮಾಡಿಸಿಕೊಳ್ಳುವ ಮಕ್ಕಳ ಪಾಡು ಬೇರೆ. ಆಸ್ಪತ್ರೆಯ ಯಂತ್ರದಲ್ಲಾದರೆ ಸಾಮಾನ್ಯವಾಗಿ ವಾರಕ್ಕೆ 3 ದಿನ, ಪ್ರತಿಸಲ ಸುಮಾರು 4 ಗಂಟೆ. ಬಸ್ಸಿನ ಹೊತ್ತು ಬೇರೆ. ಪಾಠ ತಪ್ಪದೆ ಇರುತ್ತದೆಯೇ? ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್ ರಾತ್ರಿ ಮನೆಯಲ್ಲೇ ನಡೆದರೆ, ಹಗಲು ಶಾಲೆಗೆ ಉಳಿಯುತ್ತದೆ.

ಕಿಡ್ನಿ ಕಸಿಯಾದವರಿಗೂ ಆಟ ದೂರವಲ್ಲ. 1978ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಅಂಗಾಂಗ ಕಸಿಯಾದವರಿಗೆಂದೇ ಕ್ರೀಡಾಕೂಟ ಶುರುವಾಯಿತು. ಕಸಿಯಾದ ಮಕ್ಕಳೂ ಈಗ ಆ ಕೂಟದಲ್ಲಿ ಪದಕಕ್ಕಾಗಿ ಓಡುತ್ತಾರೆ.

ಮುಂದಿನ ಸಲ ಶಿವಮೊಗ್ಗಕ್ಕೋ ಬೆಂಗಳೂರಿಗೋ ತೋರಿಸಲು ಹೋದಾಗ, ಮಗು ಯಾವ ಆಟ ಆಡಬಹುದು ಎಂದು ಡಾಕ್ಟರ ಕೈಯಲ್ಲೇ ಬರೆಸಿಕೊಂಡು ಬನ್ನಿ. ಆ ಚೀಟಿಯನ್ನು ಪಿ.ಟಿ. ಮೇಷ್ಟ್ರಿಗೆ ಕೊಡಿ.