ಎ.ಎನ್.ಎಂ. ಓದಿ ಗುಜರಾತಿಗೆ ಬಂದವರು ಮುಂದೇನು ಓದಬೇಕು?

ಅಹಮದಾಬಾದ್, ವಡೋದರಾ, ಸೂರತ್‌ನಲ್ಲಿರೋ ನಮ್ಮ ಕನ್ನಡದ ಮನೆಗಳಲ್ಲಿ ಎ.ಎನ್.ಎಂ. ಮುಗಿಸಿದ ಹೆಂಡತಿಯೋ ನಾದಿನಿಯೋ ಇದ್ದರೆ, ಈ ಮಾತು ಅವರಿಗೆ. "ಎರಡೇ ವರ್ಷದಲ್ಲಿ ಬಿ.ಎಸ್ಸಿ. ಮಾಡಿಸ್ತೀವಿ" ಅಂತ ಯಾರಾದ್ರೂ ಏಜೆಂಟ್ ಹೇಳಿದ್ರೆ, ದುಡ್ಡು ಕಟ್ಟೋ ಮೊದಲು ಇದನ್ನ ಕೇಳಿ.

ಎರಡು ವರ್ಷದ್ದು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್. ಅದು ಜಿ.ಎನ್.ಎಂ. ಮುಗಿಸಿ ನೋಂದಣಿ ಆದವರಿಗೆ ಮಾತ್ರ. ಎ.ಎನ್.ಎಂ. ಆದವರು ಮೊದಲು ಮೂರು ವರ್ಷದ ಜಿ.ಎನ್.ಎಂ. ಪೂರ್ತಿ ಓದಬೇಕು. ಹಳೇ ಎರಡು ವರ್ಷ ಅದರಲ್ಲಿ ವಜಾ ಆಗಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಅಪ್‌ಗ್ರೇಡ್ ಅಲ್ಲ, ಫ್ರೆಶ್ ಇನ್‌ಸ್ಟಾಲ್.

ಹಾಗಾದ್ರೆ ಡಿಗ್ರಿಗೆ ಒಟ್ಟು ಐದು ವರ್ಷ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿ ಶೇ. 45 ಬಂದಿದ್ದರೆ ನಾಲ್ಕು ವರ್ಷದ ಬಿ.ಎಸ್ಸಿ.ಗೇ ಪ್ರಯತ್ನಿಸಬಹುದು. ಆದರೆ ಮನೆ ನಡೆಸಬೇಕಾದವರಿಗೆ ನಾನು ಜಿ.ಎನ್.ಎಂ. ಅಂತಲೇ ಹೇಳೋದು. ಮೂರು ವರ್ಷಕ್ಕೇ ರಿಜಿಸ್ಟರ್ಡ್ ನರ್ಸ್ ಆಗಿ ದುಡಿಯಬಹುದು, ಡಿಗ್ರಿ ಆಮೇಲೆ. ವಯಸ್ಸಾಯ್ತು ಅಂತ ಹಿಂಜರಿಯೋರು ಗಮನಿಸಿ: ಜಿ.ಎನ್.ಎಂ.ಗೆ ಭಾರತೀಯ ನರ್ಸಿಂಗ್ ಪರಿಷತ್ತು ಇಟ್ಟಿರೋ 35 ವರ್ಷದ ಮಿತಿ ಎ.ಎನ್.ಎಂ.ಗಳಿಗೆ ಅನ್ವಯಿಸಲ್ಲ.

ಅಹಮದಾಬಾದ್ ಸಿವಿಲ್, ವಡೋದರಾದ ಎಸ್.ಎಸ್.ಜಿ., ಸೂರತ್ತಿನ ನ್ಯೂ ಸಿವಿಲ್ ಕಡೆ ಸರ್ಕಾರಿ ಸೀಟಿಗೆ ನೋಡೋರು, ಹೊರ ರಾಜ್ಯದಲ್ಲಿ ಪಿಯುಸಿ ಓದಿದವರಿಗೆ ನಿಯಮ ಏನು ಅಂತ ಮೊದಲೇ ವಿಚಾರಿಸಿ.

ಇನ್ನೊಂದು, ಇದನ್ನ ತುಂಬಾ ಜನ ಮರೀತಾರೆ. ಕರ್ನಾಟಕದ ನೋಂದಣಿ ಇಲ್ಲಿ ತಾನಾಗೇ ನಡೆಯಲ್ಲ. ಬೆಂಗಳೂರಿನ ಪರಿಷತ್ತಿನಿಂದ ಎನ್‌ಒಸಿ ತರಿಸಿ, ಗುಜರಾತ್ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಬರೆಸಬೇಕು. ಊರಿಗೆ ಹೋದಾಗ ಆ ಕೆಲಸ ಮುಗಿಸಿಕೊಂಡೇ ರೈಲು ಹತ್ತಿ.