ರಕ್ತದ ಕಾವಲುಗಾರರು ಮತ್ತು ಅವರನ್ನು ಗುರುತಿಸುವ ಪ್ರತಿಕಾಯಗಳು

(ದೇಗಾಂವದಲ್ಲಿ ಸಂಘದ ಸದಸ್ಯರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಲಿಖಿತ ರೂಪ)



ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕರೊಬ್ಬರು ರಕ್ತಕಣಗಳ ಬಗ್ಗೆ ಏಕೆ ಮಾತನಾಡುತ್ತಾರೆ ಎಂದು ತಮಗೆ ಅನಿಸಬಹುದು. ನಾವು ಕನ್ನಡದಲ್ಲಿ ರೋಗನಿರೋಧಕ ಶಕ್ತಿ ಎನ್ನುವುದನ್ನು ಉರ್ದುವಿನಲ್ಲಿ ಕುವ್ವತ್-ಎ-ಮುದಾಫಿಯತ್ ಎನ್ನುತ್ತಾರೆ. ಎರಡೂ ಶಬ್ದಗಳನ್ನು ಮಕ್ಕಳು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾರೆ. ಆದರೆ ಆ ಶಕ್ತಿ ಮೈಯಲ್ಲಿ ಎಲ್ಲಿದೆ, ಹೇಗೆ ಕೆಲಸ ಮಾಡುತ್ತದೆ, ಅದು ಕೆಟ್ಟರೆ ಹೇಗೆ ತಿಳಿಯುತ್ತದೆ ಎಂದು ಕೇಳಿದರೆ ಹಿರಿಯರಾದ ನಾವೂ ಸುಮ್ಮನಾಗುತ್ತೇವೆ. ಈ ತಿಳಿವಳಿಕೆಯಿಂದ ಒಂದು ಮನೆಯ ಕೂಸು ಉಳಿಯಬಹುದು, ಒಬ್ಬ ಸೊಸೆಯ ಮೇಲಿನ ಅಪವಾದ ತಪ್ಪಬಹುದು. ಅದಕ್ಕಾಗಿ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಅಂಟಿಕೊಳ್ಳುವುದು ಏಕೆ ಬೇಕು?

ನಮ್ಮ ರಕ್ತದಲ್ಲಿ ಬಿಳಿ ರಕ್ತಕಣಗಳೆಂಬ ಕಾವಲುಗಾರರಿದ್ದಾರೆ. ಕಾಲಿಗೆ ಮುಳ್ಳು ಚುಚ್ಚಿ ರೋಗಾಣು ಒಳಹೊಕ್ಕಿತು ಎಂದುಕೊಳ್ಳಿ. ಕಾವಲುಗಾರ ರಕ್ತನಾಳದ ಒಳಗೆ ಓಡುತ್ತಿರುತ್ತಾನೆ, ಕಳ್ಳ ಇರುವುದು ನಾಳದ ಹೊರಗೆ, ಮಾಂಸದಲ್ಲಿ. ಕಾವಲುಗಾರ ಅಲ್ಲಿ ಇಳಿಯಲೇಬೇಕು.

ಬೆಳಗಾವಿಯಿಂದ ಧಾರವಾಡದ ಕಡೆಗೆ ಹೆದ್ದಾರಿಯಲ್ಲಿ ಹೋಗುವ ಬಸ್ಸನ್ನು ನೆನೆಯಿರಿ. ಕಿತ್ತೂರಿನಲ್ಲಿ ಇಳಿಯಬೇಕಾದವನು ಓಡುವ ಬಸ್ಸಿನಿಂದ ಜಿಗಿಯಲಾಗದು. ಮೊದಲು ಬಸ್ಸಿನ ವೇಗ ಇಳಿಯಬೇಕು, ಕಂಡಕ್ಟರ್ ಸೀಟಿ ಊದಬೇಕು, ಬಾಗಿಲ ಬಳಿಯ ಸರಳನ್ನು ಗಟ್ಟಿಯಾಗಿ ಹಿಡಿದು ಕೆಳಗೆ ಕಾಲಿಡಬೇಕು. ಬಿಳಿ ರಕ್ತಕಣವೂ ಹೀಗೆಯೇ ಮಾಡುತ್ತದೆ. ಸೆಲೆಕ್ಟಿನ್ ಎಂಬ ಅಣುಗಳು ಅದನ್ನು ನಾಳದ ಗೋಡೆಗೆ ಸಡಿಲವಾಗಿ ತಾಗಿಸಿ, ಉರುಳಿಸುತ್ತ ವೇಗ ತಗ್ಗಿಸುತ್ತವೆ. ಗಾಯದ ಕಡೆಯಿಂದ ಬರುವ ರಾಸಾಯನಿಕ ಸಂಕೇತವೇ ಸೀಟಿ. ಆಗ ಕಣದ ಮೈಮೇಲಿರುವ ಇಂಟೆಗ್ರಿನ್ ಎಂಬ ಕೈಗಳು ಚಾಚಿ, ಗೋಡೆಯ ಮೇಲಿರುವ ಐಕ್ಯಾಮ್ ಎಂಬ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿಯುತ್ತವೆ. ಬಳಿಕ ಕಣವು ಗೋಡೆಯ ಸಂದಿಯಿಂದ ನುಸುಳಿ ಹೊರಬರುತ್ತದೆ. ಇವುಗಳಿಗೆಲ್ಲ ಅಂಟಿಕೊಳ್ಳುವ ಅಣುಗಳು ಎಂದು ಹೆಸರು. ಹೊಲದ ಬದುವಿನಲ್ಲಿ ಉತ್ತರಾಣಿಯ ಬೀಜ ಧೋತರಕ್ಕೆ ಅಂಟುವುದನ್ನು ಕಂಡವರಿಗೆ ಇದು ಹೊಸದಲ್ಲ.

ಮೊನೊಕ್ಲೋನಲ್ ಪ್ರತಿಕಾಯ ಎಂದರೇನು?

ಒಂದು ಕಣದ ಮೈಮೇಲೆ ಇಂಥ ನೂರಾರು ಬಗೆಯ ಅಣುಗಳಿವೆ. ಅವುಗಳಲ್ಲಿ ಯಾವುದು ಕೈ, ಯಾವುದು ಹಿಡಿಕೆ ಎಂದು ಸೂಕ್ಷ್ಮದರ್ಶಕದಲ್ಲಿ ಸುಮ್ಮನೆ ನೋಡಿದರೆ ತಿಳಿಯದು. ಅದಕ್ಕೆ ಬೇಕಾದ ಸಲಕರಣೆಯನ್ನು 1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೀನ್ ಎಂಬ ಇಬ್ಬರು ವಿಜ್ಞಾನಿಗಳು ಮಾಡಿಕೊಟ್ಟರು.

ಹೊರಗಿನ ವಸ್ತು ಒಳಬಂದಾಗ ಅದಕ್ಕೆ ಸರಿಯಾಗಿ ಕೂಡುವ ಪ್ರತಿಕಾಯಗಳನ್ನು ಶರೀರ ತಯಾರಿಸುತ್ತದೆ. ಆದರೆ ರಕ್ತದಲ್ಲಿ ಸಾವಿರ ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. ಅದು ಬೆರಕೆ ಬೀಜದ ರಾಶಿ ಇದ್ದಂತೆ. ಒಳ್ಳೆಯ ರೈತ ಏನು ಮಾಡುತ್ತಾನೆ? ಉತ್ತಮವಾದ ಒಂದೇ ಜೋಳದ ತೆನೆಯನ್ನು ಆರಿಸಿ, ಅದರ ಕಾಳನ್ನೇ ಬೇರೆಯಾಗಿ ಬಿತ್ತಿ ಬೆಳೆಸುತ್ತಾನೆ. ಈ ವಿಜ್ಞಾನಿಗಳೂ ಹಾಗೆಯೇ ಮಾಡಿದರು. ಪ್ರತಿಕಾಯ ತಯಾರಿಸುವ ಜೀವಕೋಶ ಹೊರಗೆ ಕೆಲವೇ ದಿನ ಬದುಕುತ್ತದೆ. ಕ್ಯಾನ್ಸರಿನ ಜೀವಕೋಶವಾದರೋ ಸಾಯದೆ ಬೆಳೆಯುತ್ತಲೇ ಇರುತ್ತದೆ. ಇಲಿಯ ಗುಲ್ಮದಿಂದ ತೆಗೆದ ಮೊದಲಿನದನ್ನು ಎರಡನೆಯದರೊಂದಿಗೆ ಬೆಸೆದರು. ಹುಟ್ಟಿದ ಸಂಕರ ಕೋಶಗಳನ್ನು ಒಂದೊಂದಾಗಿ ಬೇರ್ಪಡಿಸಿ, ಬೇಕಾದ ಪ್ರತಿಕಾಯ ಕೊಡುವ ಒಂದನ್ನು ಆರಿಸಿ ಬೆಳೆಸಿದರು. ಮೊನೊ ಎಂದರೆ ಒಂದು, ಕ್ಲೋನ್ ಎಂದರೆ ಒಂದೇ ಕೋಶದ ಸಂತತಿ. ಅದರಿಂದ ಬರುವ ಪ್ರತಿಕಾಯಗಳೆಲ್ಲ ಒಂದೇ ತರಹ, ಒಂದೇ ಗುರುತನ್ನು ಹಿಡಿಯುವಂಥವು. ಈ ಕೆಲಸಕ್ಕೆ ಪೇಟೆಂಟ್ ಪಡೆಯದ ಕಾರಣ ಜಗತ್ತಿನ ಪ್ರಯೋಗಾಲಯಗಳೆಲ್ಲ ಇದನ್ನು ಬಳಸಿಕೊಂಡವು. 1984ರಲ್ಲಿ ಇವರಿಬ್ಬರಿಗೂ ನೀಲ್ಸ್ ಯೆರ್ನೆ ಅವರಿಗೂ ನೊಬೆಲ್ ಪಾರಿತೋಷಕ ಬಂದಿತು.

ಕೈಯನ್ನು ಕಂಡುಹಿಡಿದ ಬಗೆ

ಮಿಲ್‌ಸ್ಟೀನ್ ಅವರ ಬಳಿ ಕೆಲಸ ಕಲಿತ ಅಮೆರಿಕದ ತಿಮೋತಿ ಸ್ಪ್ರಿಂಗರ್ ಈ ಸಲಕರಣೆಯನ್ನು ಬಿಳಿ ರಕ್ತಕಣಗಳ ಮೇಲೆ ಪ್ರಯೋಗಿಸಿದರು. 1979ರಲ್ಲಿ ಮ್ಯಾಕ್-1 ಎಂಬ ಅಣುವನ್ನು ಅವರು ಮತ್ತು ಸಂಗಡಿಗರು ಪ್ರಕಟಿಸಿದರು. ಆಮೇಲೆ ಅನೇಕ ಪ್ರತಿಕಾಯಗಳನ್ನು ತಯಾರಿಸಿ, ಯಾವುದನ್ನು ಹಾಕಿದರೆ ಕಾವಲುಗಾರ ಕಣ ತನ್ನ ಶತ್ರುವನ್ನು ಕೊಲ್ಲುವುದು ನಿಲ್ಲುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಿದರು. ಕೊಲ್ಲುವುದನ್ನು ನಿಲ್ಲಿಸಿದ ಪ್ರತಿಕಾಯ ಯಾವ ಅಣುವಿಗೆ ಅಂಟಿದೆ ಎಂದು ಹುಡುಕಿದಾಗ 1981ರಲ್ಲಿ ಎಲ್‌ಎಫ್‌ಎ-1 ಸಿಕ್ಕಿತು. ಕಣ ಕೊಲ್ಲದೆ ಹೋದದ್ದಕ್ಕೆ ಕಾರಣ, ಅದಕ್ಕೆ ಶತ್ರುವನ್ನು ಹಿಡಿಯಲು ಕೈಯೇ ಇರಲಿಲ್ಲ. ಪ್ರತಿಕಾಯ ಆ ಕೈಯನ್ನು ಮುಚ್ಚಿಬಿಟ್ಟಿತ್ತು. 1986ರಲ್ಲಿ ಇದೇ ವಿಧಾನದಿಂದ ಆ ಕೈ ಹಿಡಿಯುವ ಐಕ್ಯಾಮ್-1 ಕೂಡ ಗೊತ್ತಾಯಿತು. ಇಂಟೆಗ್ರಿನ್‌ಗಳ ಈ ಸಂಶೋಧನೆಗಾಗಿ ಸ್ಪ್ರಿಂಗರ್ ಅವರಿಗೆ ಇನ್ನಿಬ್ಬರೊಂದಿಗೆ 2022ರ ಲಾಸ್ಕರ್ ಪ್ರಶಸ್ತಿ ದೊರೆಯಿತು.

ಹೀಗೆ ಪ್ರತಿಕಾಯ ಎರಡು ಕೆಲಸ ಮಾಡುತ್ತದೆ. ಒಂದು, ಗುರುತು ಹಚ್ಚುವುದು. ಅದಕ್ಕೆ ಹೊಳೆಯುವ ಬಣ್ಣ ಸೇರಿಸಿ ರಕ್ತದಲ್ಲಿ ಬೆರೆಸಿದರೆ, ಆ ಅಣು ಇರುವ ಕಣ ಮಾತ್ರ ಲೇಸರ್ ಬೆಳಕಿನಲ್ಲಿ ಹೊಳೆಯುತ್ತದೆ. ಫ್ಲೋ ಸೈಟೋಮೀಟರ್ ಎಂಬ ಯಂತ್ರ ಸಾವಿರಾರು ಕಣಗಳನ್ನು ಒಂದೊಂದಾಗಿ ಲೇಸರಿನ ಮುಂದೆ ಹಾಯಿಸಿ ಎಣಿಸುತ್ತದೆ. ಎರಡು, ತಡೆಯುವುದು. ಅಣುವನ್ನು ಮುಚ್ಚಿ, ಯಾವ ಕೆಲಸ ನಿಂತಿತು ಎಂದು ನೋಡಿದರೆ ಆ ಅಣುವಿನ ಕೆಲಸ ತಿಳಿಯುತ್ತದೆ. ಬೇರೆ ಬೇರೆ ದೇಶಗಳಲ್ಲಿ ಒಂದೇ ಅಣುವಿಗೆ ಬೇರೆ ಹೆಸರಿಟ್ಟು ಗೊಂದಲವಾದಾಗ, 1982ರಲ್ಲಿ ಪ್ಯಾರಿಸ್ ಸಭೆಯಲ್ಲಿ ಸಿಡಿ ಎಂಬ ಅಕ್ಷರಗಳೊಂದಿಗೆ ಸಂಖ್ಯೆ ಕೊಡುವ ಪದ್ಧತಿ ಪ್ರಾರಂಭವಾಯಿತು. ವಿದ್ಯಾರ್ಥಿಗಳೇ, ಇದು ಹಾಡಿನ ಸಿಡಿಯಲ್ಲ! ಸಿಡಿ 18 ಎಂಬುದನ್ನು ಮಾತ್ರ ನೆನಪಿಡಿರಿ, ಮುಂದೆ ಅದರದೇ ಮಾತು.

ಕೈ ಇಲ್ಲದೆ ಹುಟ್ಟುವ ಕಾವಲುಗಾರರು

ಕೆಲವು ಕೂಸುಗಳ ಹೊಕ್ಕಳ ಬಳ್ಳಿ ತಡವಾಗಿ ಬೀಳುತ್ತದೆ, ಮೈಯೆಲ್ಲ ಸೋಂಕು ಹರಡುತ್ತದೆ, ಬಿಳಿ ರಕ್ತಕಣಗಳು ಸೋಂಕಿನ ಜಾಗಕ್ಕೆ ಚಲಿಸುವುದಿಲ್ಲ ಎಂದು 1979ರಲ್ಲಿ ವೈದ್ಯರು ವರದಿ ಮಾಡಿದರು. ಕಾರಣ ಸ್ಪಷ್ಟವಾದದ್ದು 1980ರ ದಶಕದ ಮಧ್ಯದಲ್ಲಿ, ಈ ಪ್ರತಿಕಾಯಗಳಿಂದಲೇ. ಇಂಥ ಮಕ್ಕಳ ಬಿಳಿ ರಕ್ತಕಣಗಳ ಮೇಲೆ ಸಿಡಿ 18 ಇರಲಿಲ್ಲ, ಇಲ್ಲವೇ ತೀರ ಕಡಿಮೆ ಇತ್ತು. ಅದಿಲ್ಲದೆ ಎಲ್‌ಎಫ್‌ಎ-1, ಮ್ಯಾಕ್-1 ಯಾವುದೂ ನಿಲ್ಲವು. ಈ ಕಾಯಿಲೆಯನ್ನು ಲ್ಯೂಕೊಸೈಟ್ ಅಡ್ಹೀಶನ್ ಡಿಫಿಶಿಯನ್ಸಿ, ಚಿಕ್ಕದಾಗಿ ಲ್ಯಾಡ್ ಎನ್ನುತ್ತಾರೆ. ಬಸ್ಸಿನ ತುಂಬ ಪೊಲೀಸರಿದ್ದಾರೆ, ಆದರೆ ಒಬ್ಬರೂ ಇಳಿಯಲಾರರು.

ಇದು ಬಹಳ ಅಪರೂಪದ ಕಾಯಿಲೆ. ಆದರೂ ಇದರ ಲಕ್ಷಣಗಳನ್ನು ಪ್ರತಿ ತಾಯಿ, ಪ್ರತಿ ಆಶಾ ಕಾರ್ಯಕರ್ತೆ ತಿಳಿದಿರಬೇಕು. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಬೀಳುವ ಹೊಕ್ಕಳ ಬಳ್ಳಿ ಮೂರು ನಾಲ್ಕು ವಾರವಾದರೂ ಬೀಳದಿರುವುದು, ಹೊಕ್ಕಳ ಸುತ್ತ ಕೆಂಪಾಗಿ ಬಾತುಕೊಳ್ಳುವುದು, ಮತ್ತೆ ಮತ್ತೆ ಸೋಂಕಾದರೂ ಕೀವು ಕಾಣದಿರುವುದು, ಗಾಯ ಬೇಗ ಮಾಯದಿರುವುದು, ಬಿಳಿ ರಕ್ತಕಣಗಳ ಎಣಿಕೆ ಯಾವಾಗಲೂ ಬಹಳ ಹೆಚ್ಚಿರುವುದು. ಕೀವು ಎಂದರೆ ಬಹುಪಾಲು ಹೊರಬಂದು ಸತ್ತ ಬಿಳಿ ರಕ್ತಕಣಗಳು. ಅವು ಹೊರಬರದಿದ್ದರೆ ಕೀವು ಎಲ್ಲಿಂದ ಬರಬೇಕು? ಹೊರಬರಲಾಗದವು ರಕ್ತದಲ್ಲೇ ಉಳಿದು ಎಣಿಕೆ ಏರುತ್ತದೆ. ಬಳ್ಳಿ ತಡವಾಗಿ ಬಿದ್ದ ಎಲ್ಲ ಕೂಸುಗಳಿಗೂ ಲ್ಯಾಡ್ ಇರುವುದಿಲ್ಲ, ಗಾಬರಿ ಬೇಡ. ಆದರೆ ಈ ಲಕ್ಷಣಗಳು ಒಟ್ಟಿಗೆ ಕಂಡರೆ ಬೂದಿ, ಅರಿಶಿನ, ಎಣ್ಣೆ ಹಚ್ಚುತ್ತ ಕೂಡದೆ ಕೂಡಲೇ ಮಕ್ಕಳ ವೈದ್ಯರಿಗೆ ತೋರಿಸಿ. ಸ್ವಲ್ಪ ರಕ್ತದಿಂದಲೇ ಸಿಡಿ 18 ಪರೀಕ್ಷೆ ಆಗುತ್ತದೆ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಇಂಥ ಪರೀಕ್ಷೆಗೆ ಹೆಸರಾಗಿದೆ. ತೀವ್ರ ಬಗೆಯ ಲ್ಯಾಡ್ ಇರುವ ಮಕ್ಕಳಲ್ಲಿ, ಚಿಕಿತ್ಸೆ ಸಿಗದಿದ್ದರೆ, ಹೆಚ್ಚಿನವರು ಎಳೆ ವಯಸ್ಸಿನಲ್ಲೇ ತೀರಿಕೊಳ್ಳುತ್ತಾರೆ. ಹೊಂದುವ ದಾನಿಯಿಂದ ಅಸ್ಥಿಮಜ್ಜೆ ಕಸಿ ಮಾಡಿದರೆ ಕಾಯಿಲೆ ಗುಣವಾಗಬಲ್ಲದು. ಆದ್ದರಿಂದ ಬೇಗ ತಿಳಿಯುವುದೇ ಮುಖ್ಯ.

ತಪ್ಪು ಯಾರದು?

ಒಂದೇ ಮನೆಯಲ್ಲಿ ಎರಡು ಮೂರು ಕೂಸುಗಳು ಸಾಲಾಗಿ ತೀರಿಕೊಂಡರೆ ನಮ್ಮ ಕಡೆ ಏನು ಹೇಳುತ್ತಾರೆ, ತಮಗೆ ಗೊತ್ತು. ದೃಷ್ಟಿ ತಾಕಿತು, ಸೊಸೆಯ ಕಾಲ್ಗುಣ ಸರಿಯಿಲ್ಲ, ಹಾಲು ಸರಿಯಿಲ್ಲ. ಎಷ್ಟೋ ಹೆಣ್ಣುಮಕ್ಕಳು ಈ ಮಾತು ಕೇಳಿ ಒಳಗೊಳಗೇ ಬೆಂದಿದ್ದಾರೆ. ವಿಜ್ಞಾನ ಏನು ಹೇಳುತ್ತದೆ, ಕೇಳಿ. ಸಿಡಿ 18 ತಯಾರಿಸುವ ವಂಶವಾಹಿಯ ಎರಡು ಪ್ರತಿಗಳು ಪ್ರತಿಯೊಬ್ಬರಲ್ಲಿಯೂ ಇರುತ್ತವೆ, ಒಂದು ತಂದೆಯಿಂದ, ಒಂದು ತಾಯಿಯಿಂದ. ಒಂದು ಕೆಟ್ಟಿದ್ದರೂ ಇನ್ನೊಂದು ಸಂಸಾರ ನಡೆಸುತ್ತದೆ, ಆ ಮನುಷ್ಯ ಆರೋಗ್ಯವಂತನಾಗಿಯೇ ಇರುತ್ತಾನೆ. ಎರಡೂ ಕೆಟ್ಟ ಪ್ರತಿಗಳು ಕೂಡಿ ಬಂದ ಕೂಸಿಗೆ ಮಾತ್ರ ಕಾಯಿಲೆ. ಅಂದರೆ ಸಾಮಾನ್ಯವಾಗಿ ಒಂದನ್ನು ತಾಯಿ ಕೊಟ್ಟಿದ್ದರೆ ಇನ್ನೊಂದನ್ನು ತಂದೆ ಕೊಟ್ಟಿರುತ್ತಾನೆ. ಸೊಸೆಯೊಬ್ಬಳನ್ನೇ ದೂರುವುದಕ್ಕೆ ಯಾವ ಆಧಾರವೂ ಇಲ್ಲ.

ಇಬ್ಬರಲ್ಲೂ ಒಂದೊಂದು ಕೆಟ್ಟ ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮೊದಲ ಮಗುವಿಗೆ ಬಂತು, ಮುಂದಿನ ಮೂರಕ್ಕೆ ಬರುವುದಿಲ್ಲ ಎಂಬ ಲೆಕ್ಕ ತಪ್ಪು. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಒಂದೇ ಅಜ್ಜ ಅಜ್ಜಿಯಿಂದ ಬಂದ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಅಕ್ಕನ ಮಗಳು, ಸೋದರಮಾವನ ಮಗಳು, ಚಾಚಾನ ಮಗಳು, ಖಾಲಾನ ಮಗಳು, ನಮ್ಮ ಭಾಗದಲ್ಲಿ ಬೇರೆ ಬೇರೆ ಸಮಾಜಗಳಲ್ಲಿ ಬೇರೆ ಬೇರೆ ರೂಪದಲ್ಲಿ ಈ ಪದ್ಧತಿ ಇದೆ. ಯಾರನ್ನೂ ಹಳಿಯಲು ನಾನು ಇದನ್ನು ಹೇಳುತ್ತಿಲ್ಲ. ಮನೆತನದಲ್ಲಿ ಎಳೆ ಕೂಸುಗಳು ಕಾರಣ ತಿಳಿಯದೆ ತೀರಿಕೊಂಡಿದ್ದರೆ, ಮತ್ತೆ ಅದೇ ಮನೆತನದಲ್ಲಿ ಸಂಬಂಧ ಬೆಳೆಸುವ ಮುನ್ನ ವೈದ್ಯರ ಸಲಹೆ ಕೇಳಿರಿ. ಹಿಂದಿನ ಕೂಸಿನ ಕಾಗದಪತ್ರ, ರಕ್ತದ ರಿಪೋರ್ಟ್‌ಗಳನ್ನು ಎಸೆಯದೆ ಇಟ್ಟುಕೊಳ್ಳಿರಿ. ಕಾಯಿಲೆ ಯಾವುದೆಂದು ಖಚಿತವಾಗಿದ್ದರೆ ಮುಂದಿನ ಬಸಿರಿನಲ್ಲಿ ಮೊದಲೇ ಪರೀಕ್ಷಿಸಲು ಸಾಧ್ಯವಿದೆ.

ನಮ್ಮ ಕರ್ನಾಟಕದಲ್ಲಿ

ಈ ವಿದ್ಯೆ ವಿದೇಶದಲ್ಲೇ ಉಳಿದಿಲ್ಲ. ಬೆಂಗಳೂರಿನ ಬಯೋಕಾನ್ ಕಂಪನಿ, ಕ್ಯೂಬಾ ದೇಶದ ಹವಾನಾದಲ್ಲಿರುವ ಆಣವಿಕ ಇಮ್ಯುನಾಲಜಿ ಕೇಂದ್ರದ ಜೊತೆಗೂಡಿ ಇಟೊಲಿಝುಮ್ಯಾಬ್ ಎಂಬ ಮೊನೊಕ್ಲೋನಲ್ ಪ್ರತಿಕಾಯವನ್ನು ಔಷಧಿಯಾಗಿ ಬೆಳೆಸಿತು. ಇದು ಟಿ ಕಣಗಳ ಮೇಲಿನ ಸಿಡಿ 6 ಎಂಬ ಅಣುವಿಗೆ ಅಂಟುತ್ತದೆ. ಸಿಡಿ 6 ಹಿಡಿಯುವುದು ಆಲ್‌ಕ್ಯಾಮ್ ಎಂಬ ಅಂಟಿಕೊಳ್ಳುವ ಅಣುವನ್ನು. ಕಾವಲುಗಾರರೇ ಸ್ವಂತ ಚರ್ಮದ ಮೇಲೆ ಏರಿಹೋಗುವ ಸೋರಿಯಾಸಿಸ್ ಕಾಯಿಲೆಗೆ ಇದು 2013ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. 2020ರ ಜುಲೈನಲ್ಲಿ ತೀವ್ರ ಕೋವಿಡ್ ರೋಗಿಗಳಿಗೆ ತುರ್ತು ಬಳಕೆಗೂ ಅನುಮತಿ ಸಿಕ್ಕಿತು. ಆದರೆ ಅದರ ಹಿಂದಿನ ಪ್ರಯೋಗದಲ್ಲಿ ಕೇವಲ 30 ರೋಗಿಗಳಿದ್ದರು. ಅಷ್ಟು ಸಾಲದು ಎಂದು ತಜ್ಞರು ಪ್ರಶ್ನಿಸಿದರು, ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಅದನ್ನು ಸೇರಿಸಲಿಲ್ಲ. ನಮ್ಮವರ ಕೆಲಸವೆಂದು ಹೆಮ್ಮೆ ಪಡೋಣ, ಪುರಾವೆ ಕೇಳುವುದನ್ನೂ ಬಿಡದಿರೋಣ.

ಕಾವಲುಗಾರರ ಕೈ ಕಟ್ಟುವುದು ಅಪಾಯವೂ ಹೌದು. ಸಿಡಿ 11ಎ ಎಂಬ ಅಣುವನ್ನು ತಡೆಯುವ ಎಫಾಲಿಝುಮ್ಯಾಬ್ ಅಮೆರಿಕದಲ್ಲಿ 2003ರಲ್ಲಿ ಸೋರಿಯಾಸಿಸ್‌ಗೆ ಮಂಜೂರಾಗಿತ್ತು. ಕೆಲವು ರೋಗಿಗಳ ಮೆದುಳಿಗೆ ಮಾರಕ ವೈರಾಣು ಸೋಂಕು ತಗುಲಿದ್ದರಿಂದ 2009ರಲ್ಲಿ ಅದನ್ನು ಹಿಂದಕ್ಕೆ ಪಡೆದರು. ಹೆಸರಿನ ಕೊನೆಯಲ್ಲಿ ಮ್ಯಾಬ್ ಎಂದಿರುವ ಔಷಧಿಗಳು ಬಹುತೇಕ ಈ ಬಗೆಯ ಪ್ರತಿಕಾಯಗಳೇ. ತಜ್ಞ ವೈದ್ಯರ ಸಲಹೆಯಿಲ್ಲದೆ ಅವುಗಳ ಗೊಡವೆ ಬೇಡ.

ವಿದ್ಯಾರ್ಥಿಗಳೇ, ನೀವು ಕನ್ನಡ ಮಾಧ್ಯಮದಲ್ಲಿ ಓದಿದ್ದೀರೋ ಉರ್ದು ಮಾಧ್ಯಮದಲ್ಲಿ ಓದಿದ್ದೀರೋ, ಬಿ.ಎಸ್ಸಿ. ಮುಗಿಸಿ ಜೈವಿಕ ತಂತ್ರಜ್ಞಾನ ಓದಲು, ಇಲ್ಲವೇ ಲ್ಯಾಬ್ ಟೆಕ್ನೀಶಿಯನ್ ಆಗಿ ಆ ಯಂತ್ರದ ಮುಂದೆ ಕೂಡಲು ಯಾವ ಅಡ್ಡಿಯೂ ಇಲ್ಲ. ಭಾಷೆ ತಡೆ ಎಂದು ಹೆದರಬೇಡಿರಿ, ಅರ್ಥ ಹಿಡಿಯಿರಿ, ಶಬ್ದ ತಾನೇ ಬರುತ್ತದೆ. ಹಿರಿಯರಲ್ಲಿ ನನ್ನದೊಂದು ವಿನಂತಿ. ತಾವು ಇಂದು ಮನೆಗೆ ಹೋದ ಮೇಲೆ ಹೊಕ್ಕಳ ಬಳ್ಳಿಯ ಮಾತು, ಕೀವಿನ ಮಾತು, ತಂದೆ ತಾಯಿ ಇಬ್ಬರ ಪಾಲಿನ ಮಾತು, ಈ ಮೂರನ್ನು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ತಿಳಿಸಿರಿ.